ಬಡಿಸುವವನ ಕಾಯಕ, ಉಣ್ಣುವವನ ಶೀಲ

ಮನೆಯಲ್ಲಿ ಉಣ್ಣುವಾಗ ಮನುಷ್ಯನ ಶೀಲವು ಸುಲಭವಾಗಿ ಗೋಚರವಾಗುವುದಿಲ್ಲ. ಅಲ್ಲಿ ಬಡಿಸುವವಳು ತಾಯಿ, ಇಲ್ಲವೆ ಮಡದಿ, ಇಲ್ಲವೆ ಸೊಸೆ. ಹೊತ್ತು ಮೀರಿದರೂ ಉಪ್ಪು ಕಡಮೆಯಾದರೂ ಪ್ರೀತಿಯು ಆ ಕೊರತೆಯನ್ನು ಮುಚ್ಚಿಕೊಳ್ಳುವುದು. ಮಠದ ದಾಸೋಹದಲ್ಲಿಯೂ ಅದು ಗೋಚರವಾಗುವುದಿಲ್ಲ. ಅಲ್ಲಿ ಗುರುಸನ್ನಿಧಿಯ ಭಯಭಕ್ತಿಗಳು ನಾಲಗೆಯನ್ನು ಹಿಡಿದಿರುವುವು. ಆದರೆ ಹಣ ಕೊಟ್ಟು ಉಣ್ಣುವ ಎಡೆಯಲ್ಲಿ, ಪರಿಚಯವಿಲ್ಲದವನೊಬ್ಬನು ಬಡಿಸುವಾಗ, ಅದೂ ಜನಸಂದಣಿಯ ಹೊತ್ತಿನಲ್ಲಿ ಹಸಿದ ಹೊಟ್ಟೆಯು ತನ್ನ ಸರದಿಗಾಗಿ ಕಾಯಬೇಕಾಗಿ ಬಂದಾಗ, ಮನುಷ್ಯನ ಒಳಗು ಹೊರಕ್ಕೆ ಬರುವುದು. ಆದುದರಿಂದ ಹೋಟೆಲಿನ ಮೇಜು ಅಲ್ಪವಾದ ಸ್ಥಳವೆಂದು ಸದ್ಭಕ್ತನು ತಿಳಿಯಲಾಗದು. ಪೂಜಾಗೃಹದಲ್ಲಿ ಕಲಿತ ಪಾಠವು ಎಷ್ಟರಮಟ್ಟಿಗೆ ರಕ್ತಗತವಾಗಿದೆ ಎಂಬುದನ್ನು ಆ ಮೇಜು ಒಂದು ಗಳಿಗೆಯಲ್ಲಿ ಹೇಳಿಬಿಡುವುದು.

ಹೊರಗೆ ಉಣ್ಣುವುದೇ ದೋಷವೆಂದು ಹಿರಿಯರು ಭಾವಿಸಿದ್ದ ಕಾಲವೊಂದಿತ್ತು. ಪ್ರಯಾಣಿಕನು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದನು; ದಾರಿಯಲ್ಲಿ ಛತ್ರ, ಅರವಟ್ಟಿಗೆ, ಮಠಗಳಿದ್ದುವು. ಈಗ ಆ ಸ್ಥಿತಿಯಿಲ್ಲ. ಕಚೇರಿಯ ಕೆಲಸ, ಆಸ್ಪತ್ರೆಯ ಅಲೆದಾಟ, ಮಕ್ಕಳ ಕಾಲೇಜು, ಮದುವೆಯ ಜವಳಿ ಎಂದು ಗೃಹಸ್ಥನು ಪಟ್ಟಣಕ್ಕೆ ಬಂದೇ ಬರುವನು. ಬಂದವನು ಹೋಟೆಲಿನಲ್ಲಿಯೋ ಖಾನಾವಳಿಯಲ್ಲಿಯೋ ಉಂಡೇ ಉಣ್ಣುವನು. ಉಣ್ಣುವುದು ಅನಿವಾರ್ಯವಾದ ಮೇಲೆ, ಅಲ್ಲಿ ನಡೆದುಕೊಳ್ಳತಕ್ಕ ಬಗೆಯನ್ನು ವಿಚಾರಿಸುವುದೂ ಅವಶ್ಯವಾಗಿದೆ.

ಮಾರುವ ಅನ್ನ, ಮಾರದ ಮಾನ

ದಾಸೋಹಕ್ಕೂ ಹೋಟೆಲಿಗೂ ಇರುವ ಭೇದವು ಸ್ಪಷ್ಟವಾದುದು. ದಾಸೋಹದಲ್ಲಿ ನೀಡುವವನು ಫಲವನ್ನು ಬಯಸನು, ಉಣ್ಣುವವನು ಬೆಲೆಯನ್ನು ಕೊಡನು. ಹೋಟೆಲಿನಲ್ಲಿ ಅನ್ನಕ್ಕೆ ಬೆಲೆಯುಂಟು. ಅಕ್ಕಿ, ಬೇಳೆ, ಎಣ್ಣೆ, ಉರುವಲು, ಬಾಡಿಗೆ, ಕೂಲಿ ಇವೆಲ್ಲವನ್ನೂ ಕೂಡಿಸಿ ಒಡೆಯನು ಬೆಲೆಯನ್ನು ಗೊತ್ತುಮಾಡುವನು; ಗಿರಾಕಿಯು ಅದನ್ನು ತೆರುವನು. ಇದರಲ್ಲಿ ಯಾರಿಗೂ ಯಾರ ಋಣವೂ ಉಳಿಯದು. ಇಷ್ಟು ನಿಜ.

ಆದರೆ ಇಲ್ಲಿಯೇ ಒಂದು ಭ್ರಾಂತಿ ಹುಟ್ಟುವುದು. ದೋಸೆಗೆ ಕೊಟ್ಟ ಹಣದಿಂದ ದೋಸೆಯನ್ನು ತಂದವನನ್ನೂ ಕೊಂಡುಕೊಂಡಂತಾಯಿತೆಂದು ಕೆಲವರು ಬಗೆಯುವರು. ಆ ಬಗೆಯು ಮಾತಿನಲ್ಲಿ ಪ್ರಕಟವಾಗದಿದ್ದರೂ ನಡೆಯಲ್ಲಿ ಪ್ರಕಟವಾಗುವುದು. ಬೆರಳಿನಿಂದ ಚಿಟಿಕೆ ಹೊಡೆಯುವುದು, ಲೋಟದಿಂದ ಮೇಜನ್ನು ಕುಟ್ಟುವುದು, ತನಗಿಂತ ಹಿರಿಯನಾದವನನ್ನು ಏಕವಚನದಲ್ಲಿ ಕೂಗುವುದು, ಅವನು ಮುಂದೆ ನಿಂತಿದ್ದರೂ ಮುಖವೆತ್ತದೆ ಫೋನನ್ನು ನೋಡುತ್ತ ತಿಂಡಿಯ ಹೆಸರನ್ನು ಹೇಳುವುದು, ಇವೆಲ್ಲವೂ ಆ ಭ್ರಾಂತಿಯ ಲಕ್ಷಣಗಳು. ಬಿಲ್ಲಿನಲ್ಲಿ ಇಡ್ಲಿಗೆ ಬೆಲೆ ಬರೆದಿದೆ, ಕಾಫಿಗೆ ಬೆಲೆ ಬರೆದಿದೆ. ಬಡಿಸುವವನ ಮಾನಕ್ಕೆ ಬೆಲೆ ಬರೆದಿಲ್ಲ. ಅದು ಮಾರಾಟದ ವಸ್ತುವಲ್ಲವಾದುದರಿಂದ ಅದನ್ನು ಕೊಂಡುಕೊಂಡವರೂ ಇಲ್ಲ.

ಹೋಟೆಲು ಒಂದು ದೃಷ್ಟಿಯಿಂದ ಸಮಾನತೆಯ ಶಾಲೆಯೂ ಆಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅನೇಕ ಹೋಟೆಲುಗಳಲ್ಲಿ ಜಾತಿಯನ್ನು ನೋಡಿ ಬೇರೆ ಬೇರೆ ಕೊಠಡಿಗಳನ್ನು ಇಟ್ಟಿದ್ದುಂಟು. ಕೆಲವರನ್ನು ಒಳಕ್ಕೇ ಬಿಡದೆ ಹೊರಗೆ ನಿಲ್ಲಿಸಿ ಕೊಟ್ಟದ್ದೂ ಉಂಟು. 1950ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿ, ಜಾತಿ ಮತಗಳ ನೆಪದಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ತಡೆಯಲಾಗದೆಂದು ವಿಧಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ಬಂದಿತು. ಮೇಜಿನ ಈಚೆ ಕುಳಿತವರ ನಡುವಣ ಭೇದವನ್ನು ಶಾಸನವು ಹೀಗೆ ತೊಡೆಯಿತು. ಮೇಜಿನ ಈಚೆ ಕುಳಿತವನಿಗೂ ಆಚೆ ನಿಂತವನಿಗೂ ನಡುವೆ ಉಳಿದಿರುವ ಭೇದವನ್ನು ತೊಡೆಯತಕ್ಕದ್ದು ಶಾಸನವಲ್ಲ, ಶೀಲ.

ಸಂದಣಿಯ ಹೊತ್ತಿನ ಸ್ವರೂಪ

ತಾಳ್ಮೆಯು ಬರಿಯ ಉಪದೇಶದಿಂದ ಬರುವುದಿಲ್ಲ. ಕಾರಣವನ್ನು ಅರಿತಾಗ ಬರುವುದು. ಬೆಳಗಿನ ತಿಂಡಿಯ ಹೊತ್ತಿನಲ್ಲಿಯೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿಯೂ ಹೋಟೆಲಿನ ಒಳಗೆ ಏನು ನಡೆಯುವುದೆಂಬುದನ್ನು ಗಿರಾಕಿಯು ತಿಳಿದರೆ ಅವನ ಸಿಟ್ಟಿನ ಬಹುಪಾಲು ತಾನಾಗಿಯೇ ಇಳಿಯುವುದು.

ದೋಸೆಯ ಕಾವಲಿಯು ಎಷ್ಟೇ ದೊಡ್ಡದಿರಲಿ, ಅದರ ಮೇಲೆ ಒಂದು ಸಲಕ್ಕೆ ಹಿಡಿಯುವ ದೋಸೆಗಳ ಲೆಕ್ಕವು ಗೊತ್ತಾದುದೇ. ಹಿಟ್ಟು ಹುಯ್ದ ಮೇಲೆ ಅದು ಬೇಯಬೇಕು, ಗರಿಯಾಗಬೇಕು, ಪಲ್ಯವನ್ನಿಟ್ಟು ಮಡಿಸಬೇಕು. ಇಪ್ಪತ್ತೈದು ಜನರು ಒಟ್ಟಿಗೆ ಬಂದು ಕುಳಿತರೆ ಕಾವಲಿಯು ಒಟ್ಟಿಗೆ ಇಪ್ಪತ್ತೈದು ದೋಸೆಗಳನ್ನು ಕೊಡಲಾರದು. ಅವಸರಪಡಿಸಿದರೆ ಹಸಿಯಾದುದು ಬರುವುದು. ಹಸಿಯಾದುದು ಬಂದರೆ ಮತ್ತೆ ಬಡಿಸುವವನಿಗೇ ಬೈಗುಳ. ಇದರೊಡನೆ ಪಾರ್ಸೆಲ್ಲುಗಳ ಸಾಲು ಬೇರೆ. ಫೋನಿನ ಮೂಲಕ ಮನೆಗೆ ಊಟ ತರಿಸುವ ಪದ್ಧತಿ ಬಂದಮೇಲೆ, ಎದುರಿನ ಮೇಜುಗಳಲ್ಲಿ ಕಾಣುವ ಜನರಷ್ಟೇ ಅಲ್ಲದೆ, ಕಾಣದ ಗಿರಾಕಿಗಳೂ ಅದೇ ಒಲೆಯ ಮುಂದೆ ಸರದಿಯಲ್ಲಿ ನಿಂತಿರುವರು. ಕುಳಿತವನ ಕಣ್ಣಿಗೆ ಅವರು ಬೀಳುವುದಿಲ್ಲ. ಆದುದರಿಂದ ತಡವೆಲ್ಲವೂ ಬಡಿಸುವವನ ಆಲಸ್ಯವೆಂದು ಅವನು ಎಣಿಸುವನು.

ಸಪ್ಲಾಯರ್ ಎಂದೂ ಹಳೆಯ ಉಡುಪಿ ಹೋಟೆಲುಗಳಲ್ಲಿ ಮಾಣಿ ಎಂದೂ ಕರೆಯಲ್ಪಡುವ ಬಡಿಸುವವನು ಈ ಒಲೆಗೂ ಈ ಹಸಿವಿಗೂ ನಡುವೆ ಸಿಕ್ಕಿದವನು. ಒಲೆಯ ಮೇಲೆ ಅವನಿಗೆ ಅಧಿಕಾರವಿಲ್ಲ, ಗಲ್ಲೆಯ ಮೇಲೆ ಅಧಿಕಾರವಿಲ್ಲ, ಬೆಲೆಯ ಮೇಲೆಯೂ ಇಲ್ಲ. ಆದರೆ ಪಲ್ಯದಲ್ಲಿ ಖಾರ ಹೆಚ್ಚಾದರೂ, ಕಾಫಿ ಆರಿದರೂ, ಬೆಲೆ ಏರಿದರೂ, ನೊಣ ಕುಳಿತರೂ ಮಾತು ಕೇಳುವವನು ಅವನೇ. ಒಬ್ಬನಿಗೆ ಈರುಳ್ಳಿ ಬೇಡ, ಇನ್ನೊಬ್ಬನಿಗೆ ಸಾಂಬಾರು ಬೇರೆ ಬಟ್ಟಲಿನಲ್ಲಿ ಬೇಕು, ಮತ್ತೊಬ್ಬರಿಗೆ ಬೈ-ಟು ಕಾಫಿ, ಅದರಲ್ಲಿ ಒಂದಕ್ಕೆ ಸಕ್ಕರೆಯಿಲ್ಲ. ಇಂತಹ ನಾಲ್ಕೈದು ಮೇಜುಗಳ ಲೆಕ್ಕವನ್ನು ಅವನು ತಲೆಯಲ್ಲಿಯೇ ಇಟ್ಟುಕೊಂಡು ನಡೆಯುವನು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಪ್ರಾರಂಭವಾದ ವಿದ್ಯಾರ್ಥಿ ಭವನದಲ್ಲಿ ಬಡಿಸುವವರು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದರಂತೆ ಒಂದೇ ತೋಳಿನ ಮೇಲೆ ಜೋಡಿಸಿಕೊಂಡು, ತುಂಬಿದ ಮೇಜುಗಳ ನಡುವೆ ನುಸುಳಿಬರುವುದನ್ನು ನೋಡಲೆಂದೇ ಜನರು ನಿಲ್ಲುವರು. ಅದು ನೋಡುವವರಿಗೆ ಸೊಗಸು, ಹೊರುವವನಿಗೆ ದುಡಿಮೆ. ವರ್ಷಗಳ ಅಭ್ಯಾಸವಿಲ್ಲದೆ ಆ ತೋಳು ಹಾಗೆ ನಿಲ್ಲದು.

1980ರ ದಶಕದಿಂದ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳಲ್ಲಿ ಗಿರಾಕಿಯೇ ಟೋಕನ್ ಪಡೆದು, ತಾನೇ ತಟ್ಟೆಯನ್ನು ತೆಗೆದುಕೊಂಡು, ನಿಂತು ತಿನ್ನುವನು. ಅಲ್ಲಿ ಬಡಿಸುವವನಿಲ್ಲವೆಂದು ಕರ್ತವ್ಯವೂ ಇಲ್ಲವೆನ್ನಲಾಗದು. ಚಟ್ನಿ ಹಾಕುವ ಕೈಯುಂಟು, ಕಾಫಿ ಬೆರೆಸುವ ಕೈಯುಂಟು, ಎಲ್ಲರೂ ತಿಂದುಬಿಟ್ಟುದನ್ನು ಬಳಿದು ಮೇಜನ್ನು ಒರೆಸುವ ಕ್ಲೀನರನ ಕೈಯುಂಟು. ಇವರೊಳಗೆ ಕೊನೆಯವನ ಮುಖವನ್ನು ನೋಡುವವರು ಬಹಳ ವಿರಳ.

ಒಂದು ದೃಷ್ಟಾಂತ

ಈ ವಿಷಯವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಉತ್ತರ ಕರ್ನಾಟಕದ ಹಳ್ಳಿಯ ಗೃಹಸ್ಥನೊಬ್ಬನು ಮಗಳ ಮದುವೆಯ ಜವಳಿಗಾಗಿ ತಾಯಿ, ಹೆಂಡತಿ, ಮಗನೊಡನೆ ಹುಬ್ಬಳ್ಳಿಗೆ ಬಂದನೆಂದು ಭಾವಿಸೋಣ. ಭಾನುವಾರ, ಮಧ್ಯಾಹ್ನ ಒಂದೂವರೆ ಗಂಟೆ. ಪೇಟೆಯ ಖಾನಾವಳಿಯಲ್ಲಿ ಕಾಲಿಡಲು ಎಡೆಯಿಲ್ಲ. ಅರ್ಧ ಗಂಟೆ ನಿಂತ ಮೇಲೆ ನಾಲ್ವರಿಗೆ ಜಾಗ ಸಿಕ್ಕಿತು. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಬಂದುವು. ಮೊದಲ ರೊಟ್ಟಿಯೂ ಬಂದಿತು. ಎರಡನೆಯ ರೊಟ್ಟಿ ಬರಲಿಲ್ಲ. ಗೃಹಸ್ಥನು ಎರಡು ಸಲ ಕರೆದನು. ಮೂರನೆಯ ಸಲಕ್ಕೆ ಅವನ ದನಿ ಖಾನಾವಳಿಯ ತುಂಬ ಕೇಳಿಸಿತು.

"ಏ ಹುಡುಗಾ! ಎಷ್ಟೊತ್ತಲೇ? ರೊಟ್ಟಿ ತರ್ತೀಯೋ, ಎದ್ದು ಹೋಗ್ಲೋ?"

ಬಡಿಸುವ ಹುಡುಗನು ಎರಡು ಕೈಯಲ್ಲಿಯೂ ಪಾತ್ರೆಗಳನ್ನು ಹಿಡಿದುಕೊಂಡೇ ನಿಂತು, "ಬಂತ್ರೀ ಯಜಮಾನ್ರ, ಬಿಸಿ ರೊಟ್ಟಿ ಬಡ್ಯಾಕ ಹತ್ಯಾರ್ರೀ" ಎಂದನು. ಗೃಹಸ್ಥನು ಇನ್ನೊಂದು ಮಾತನ್ನು ಆಡುವುದರೊಳಗೆ ಪಕ್ಕದಲ್ಲಿದ್ದ ಮುದಿತಾಯಿಯು ಮೆಲ್ಲಗೆ ಹೇಳಿದಳು:

"ಯಾಕ ಬೈತೀಯೋ ಆ ಹುಡುಗಗ? ರೊಟ್ಟಿ ಅವನ ಕೈಯಾಗಿಲ್ಲ, ಹಂಚಿನ ಮ್ಯಾಲ ಐತಿ. ಹೋದ ಸೋಮವಾರ ಮಠದಾಗ ನಿನ್ನ ಕೈಯಾನ ಸಾರಿನ ಬಕೀಟ ಖಾಲಿ ಆದಾಗ, ಸ್ವಲ್ಪ ತಡೀರಿ, ಒಲಿ ಮ್ಯಾಲ ಐತಿ ಅಂದಿ. ಅವತ್ತ ಯಾರರ ನಿನಗ ಬೈದ್ರೇನು?"

ಮಗನು ಸುಮ್ಮನಾದನು. ತಾಯಿಯು ಹುಡುಗನ ಕಡೆಗೆ ತಿರುಗಿ, "ತಮ್ಮಾ, ನಿನ್ನ ಊಟ ಆತೇನೋ?" ಎಂದು ಕೇಳಿದಳು.

"ಇಲ್ರೀ ಅವ್ವಾ. ಮಂದಿ ಕಡಿಮಿ ಆದ ಮ್ಯಾಲರೀ. ಮೂರು, ಮೂರೂವರಿ ಆಗತೈತ್ರೀ."

ಗೃಹಸ್ಥನು ತಲೆ ತಗ್ಗಿಸಿದನು. ಸ್ವಲ್ಪ ಹೊತ್ತಿನ ಮೇಲೆ ಅವನೇ, "ತಮ್ಮಾ, ಅವಸರ ಇಲ್ಲ. ಬಂದಾಗ ತಾರಪಾ" ಎಂದನು. ರೊಟ್ಟಿಯು ಬರುವಷ್ಟು ಹೊತ್ತಿಗೇ ಬಂದಿತು. ಅದಕ್ಕಿಂತ ಮೊದಲೂ ಬರಲಿಲ್ಲ, ತಡವಾಗಿಯೂ ಬರಲಿಲ್ಲ.

ಈ ದೃಷ್ಟಾಂತದಲ್ಲಿ ವಿಚಾರಿಸತಕ್ಕ ಅಂಶಗಳು ಮೂರು. ಒಂದನೆಯದು, ಗೃಹಸ್ಥನು ದುಷ್ಟನಲ್ಲ. ಮಠದಲ್ಲಿ ಬಕೆಟ್ಟು ಹಿಡಿದು ಬಡಿಸಿದವನು, ಹಣೆಯಲ್ಲಿ ವಿಭೂತಿ ಧರಿಸಿದವನು, ದಾನಧರ್ಮ ಬಲ್ಲವನು. ಆದರೂ ತಾನು ಬಡಿಸುವಾಗ ಇತರರಿಂದ ಬಯಸಿದ ತಾಳ್ಮೆಯನ್ನು ತಾನು ಉಣ್ಣುವಾಗ ಇತರರಿಗೆ ಕೊಡಲು ಅವನಿಗೆ ತೋಚಲಿಲ್ಲ. ಎರಡನೆಯದು, ತಾಯಿಯು ಧರ್ಮಶಾಸ್ತ್ರವನ್ನು ಹೇಳಲಿಲ್ಲ. ತಾನು ರೊಟ್ಟಿ ಬಡಿದವಳಾದುದರಿಂದ ಹಂಚಿನ ಹೊತ್ತನ್ನು ಬಲ್ಲಳು. ದುಡಿದು ಬಲ್ಲವರಿಗೆ ದುಡಿಯುವವರ ಕಷ್ಟವು ತಿಳಿಯುವುದು. ಮೂರನೆಯದು, ಆ ಹುಡುಗನು ನೂರಾರು ಜನರ ಹಸಿವನ್ನು ತಣಿಸುತ್ತಿದ್ದಾಗ ಅವನ ಹೊಟ್ಟೆಯು ಬರಿದಾಗಿತ್ತು. ಅನ್ನದ ಪಾತ್ರೆಯನ್ನು ಕೈಯಲ್ಲಿ ಹಿಡಿದು ಹಸಿದಿರುವವನ ಮೇಲೆ, ಅನ್ನವನ್ನು ಮುಂದಿಟ್ಟುಕೊಂಡು ಕುಳಿತವನು ಕೂಗುವುದಕ್ಕಿಂತ ಬೇರೆ ವಿಪರೀತವೇನಿದೆ?

ಶರಣರ ದೃಷ್ಟಿಯಲ್ಲಿ ಬಡಿಸುವ ಕಾಯಕ

ಹನ್ನೆರಡನೆಯ ಶತಮಾನದ ಶರಣರು ಕಾಯಕಗಳಲ್ಲಿ ಮೇಲುಕೀಳುಗಳನ್ನು ಎಣಿಸಲಿಲ್ಲವೆಂಬುದು ಸರ್ವವಿದಿತ. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಒಗೆದರು, ನುಲಿಯ ಚಂದಯ್ಯನವರು ಹಗ್ಗವನ್ನು ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿಯನ್ನು ನಡೆಸಿದರು. ಆದರೆ ಪ್ರಸ್ತುತ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವರು ಹಡಪದ ಅಪ್ಪಣ್ಣನವರು. ಹಡಪವೆಂದರೆ ಎಲೆ ಅಡಕೆಯ ಚೀಲ. ಅದನ್ನು ಹಿಡಿದು, ಬೇಕಾದಾಗ ತಾಂಬೂಲವನ್ನು ನೀಡುವುದು ಅಪ್ಪಣ್ಣನವರ ಕಾಯಕ. ಲೋಕದ ಕಣ್ಣಿಗೆ ಅದು ಊಳಿಗದವನ ಕೆಲಸ. ಆದರೆ ಬಸವಣ್ಣನವರಿಗೆ ಅವರು ಊಳಿಗದವರಾಗಿರಲಿಲ್ಲ, ಅತ್ಯಂತ ನಿಕಟವರ್ತಿಗಳಾದ ಶರಣರಾಗಿದ್ದರು. ಅಪ್ಪಣ್ಣನವರ ವಚನಗಳೂ ಅವರ ಧರ್ಮಪತ್ನಿ ಲಿಂಗಮ್ಮನವರ ವಚನಗಳೂ ಇಂದಿಗೂ ದೊರೆಯುತ್ತವೆ. ಉಂಡ ಮೇಲೆ ತಾಂಬೂಲ ನೀಡುವ ಕೈಗೆ ಅನುಭವಿಗಳ ಗೋಷ್ಠಿಯಲ್ಲಿ ಎಡೆಯಿತ್ತೆಂದ ಮೇಲೆ, ಉಣ್ಣುವಾಗ ಅನ್ನವನ್ನು ನೀಡುವ ಕೈಯನ್ನು ಹೀನೈಸುವವನು ಯಾವ ಮುಖದಿಂದ ಆ ಪರಂಪರೆಯವನೆಂದು ಹೇಳಿಕೊಳ್ಳುವನು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೋಟೆಲಿನವನು ಸಂಬಳಕ್ಕಾಗಿ ದುಡಿಯುವನು, ಅದು ಕಾಯಕವೆನ್ನಿಸಿಕೊಳ್ಳುವುದೆ? ಎಂದು. ಶರಣರು ಕೂಲಿಯಿಲ್ಲದ ದುಡಿಮೆಯನ್ನು ಮಾತ್ರ ಕಾಯಕವೆಂದವರಲ್ಲ. ಹಗ್ಗಕ್ಕೆ ಬೆಲೆಯಿತ್ತು, ದೋಣಿಗೆ ಕೂಲಿಯಿತ್ತು. ಸತ್ಯಶುದ್ಧವಾಗಿ ದುಡಿದು, ಬಂದುದರಲ್ಲಿ ತನ್ನವರನ್ನು ಸಾಕಿ, ಉಳಿದುದನ್ನು ಸಮಾಜಕ್ಕೆ ಸಲ್ಲಿಸುವ ದುಡಿಮೆಯೇ ಕಾಯಕ. ಊರಿನಲ್ಲಿರುವ ತಂದೆತಾಯಿಗಳಿಗೆ ತಿಂಗಳು ತಿಂಗಳೂ ಹಣ ಕಳುಹಿಸಿ, ತಂಗಿಯ ಓದಿಗೆ ನೆರವಾಗುತ್ತ, ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗನ ದುಡಿಮೆಯು ಅದಲ್ಲವೆಂದು ಹೇಳುವವರಾರು? ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಲೋಟಗಳನ್ನು ತೊಳೆದು, ರಾತ್ರಿ ಅಲ್ಲಿಯ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ವಕೀಲರೂ ಅಧಿಕಾರಿಗಳೂ ಹೋಟೆಲಿನ ಒಡೆಯರೂ ಆದುದುಂಟು. ಇಂದು ನೀರಿನ ಲೋಟವನ್ನು ತಂದಿಡುವವನು ನಾಳೆ ಏನಾಗುವನೋ ಬಲ್ಲವರಿಲ್ಲ. ಆದರೆ ಅವನು ಮುಂದೆ ದೊಡ್ಡವನಾಗಬಹುದೆಂಬ ಕಾರಣಕ್ಕಾಗಿ ಇಂದು ಗೌರವಿಸತಕ್ಕದ್ದಲ್ಲ. ನೀರು ತಂದಿಡುವವನಾಗಿಯೇ ಉಳಿದರೂ ಅವನಿಗೆ ಸಲ್ಲತಕ್ಕ ಗೌರವವು ಅಷ್ಟೇ.

ಇನ್ನೊಂದು ವಿಚಾರವು ಇಷ್ಟಲಿಂಗಧಾರಿಯಾದ ಪ್ರತಿಯೊಬ್ಬನನ್ನೂ ಮುಟ್ಟುವಂತಹುದು. ಪದಾರ್ಥವು ಲಿಂಗಾರ್ಪಣದಿಂದ ಪ್ರಸಾದವಾಗುವುದೆಂಬುದು ತತ್ತ್ವ. ಹೋಟೆಲಿನಲ್ಲಿ ಕುಳಿತರೂ ಭಕ್ತನು ಮನಸ್ಸಿನಲ್ಲಿಯಾದರೂ ಅರ್ಪಿಸಿಯೇ ಕೊಳ್ಳುವನು. ಕ್ರೋಧದಿಂದ ಕಂಪಿಸುತ್ತಿರುವ ಮನಸ್ಸು ಅರ್ಪಿಸುವುದಾದರೂ ಹೇಗೆ? ತಂದವನನ್ನು ನೋಯಿಸಿ ಪಡೆದ ತುತ್ತಿನೊಡನೆ ಆ ನೋವೂ ಅರ್ಪಿತವಾಗುವುದಷ್ಟೆ. ಆದುದರಿಂದ ಬಡಿಸುವವನೊಡನೆ ಸೌಮ್ಯವಾಗಿ ಮಾತನಾಡುವುದು ಲೋಕದ ಸಭ್ಯತೆ ಮಾತ್ರವಲ್ಲ. ಪ್ರಸಾದದ ಶುದ್ಧಿಗೆ ಸೇರಿದ ಕ್ರಿಯೆ.

ತನುವಿನಿಂದ, ಮನದಿಂದ, ಧನದಿಂದ

ತನು, ಮನ, ಧನಗಳನ್ನು ಸವೆಸುವುದು ದಾಸೋಹದ ಲಕ್ಷಣವೆಂದು ಹೇಳುವುದುಂಟು. ಹೋಟೆಲಿನಲ್ಲಿ ಕುಳಿತವನೂ ಈ ಮೂರರಿಂದ ಬಡಿಸುವವನ ಭಾರವನ್ನು ಕಡಮೆ ಮಾಡಬಲ್ಲನು.

ತನುವಿನಿಂದ ಮಾಡತಕ್ಕದ್ದು. ನಡೆಯುವ ದಾರಿಯಲ್ಲಿ ಚೀಲವನ್ನಿಡಬಾರದು, ಕಾಲನ್ನು ಚಾಚಬಾರದು. ಬಿಸಿ ಸಾಂಬಾರನ್ನು ಹಿಡಿದುಬರುವವನು ಎಡವಿದರೆ ಸುಡುವುದು ಅವನ ಕೈ. ಮಕ್ಕಳನ್ನು ಮೇಜುಗಳ ನಡುವೆ ಓಡಲು ಬಿಡಬಾರದು. ತಿಂದಾದ ಮೇಲೆ ತಟ್ಟೆಗಳನ್ನು ಒಂದೆಡೆಗೆ ಸರಿಸಿದರೆ ಎತ್ತುವವನಿಗೆ ಸುಲಭ. ಹಿಂದೆ ಜನರು ಹಸಿದು ನಿಂತಿರುವಾಗ ಎರಡು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಹರಟುವುದು ಸರಿಯಲ್ಲ. ಸಂದಣಿಯಿಲ್ಲದ ಹೊತ್ತಿನಲ್ಲಿ ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಸಾಧ್ಯವಿದ್ದವರು ಜನದಟ್ಟಣೆಯ ಹೊತ್ತಿಗಿಂತ ಸ್ವಲ್ಪ ಮೊದಲೋ ಸ್ವಲ್ಪ ತಡವಾಗಿಯೋ ಬಂದರೆ ತಮಗೂ ಸುಖ, ಬಡಿಸುವವನಿಗೂ ಸುಖ.

ಮನದಿಂದ ಮಾಡತಕ್ಕದ್ದು. ಬಡಿಸುವವನು ಬಂದಾಗ ಅವನ ಮುಖವನ್ನು ನೋಡಿ ಮಾತನಾಡತಕ್ಕದ್ದು. ಹಿರಿಯನಾದರೆ ಅಣ್ಣ, ಕಿರಿಯನಾದರೆ ತಮ್ಮ, ಹೆಣ್ಣುಮಗಳಾದರೆ ಅಕ್ಕ, ಅವ್ವ ಎಂಬ ಸಂಬೋಧನೆಗಳು ಕನ್ನಡದಲ್ಲಿ ಬೇಕಾದಷ್ಟಿವೆ; ಅವುಗಳಿಗೆ ಖರ್ಚಿಲ್ಲ. ಬೇಕಾದುದನ್ನು ಕುಳಿತವರೆಲ್ಲರೂ ಮೊದಲೇ ನಿಶ್ಚಯಿಸಿಕೊಂಡು ಒಂದೇ ಸಲಕ್ಕೆ ಹೇಳಿದರೆ ಅವನಿಗೆ ನಾಲ್ಕು ನಡೆ ಉಳಿಯುವುದು. ಅಗತ್ಯಕ್ಕಿಂತ ಹೆಚ್ಚು ತರಿಸಬಾರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯು ಎಲ್ಲರಿಗೂ ಗೊತ್ತು. ಆ ತಾಯಿಯ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗಿದವರು, ಮೇಜಿನ ಮೇಲೆ ಅರ್ಧ ತಿಂದು ಬಿಟ್ಟ ಪೂರಿಗಳನ್ನು ಇಟ್ಟು ಎದ್ದುಹೋಗುವುದು ಉಚಿತವಲ್ಲ. ಇನ್ನೂ ಉಣ್ಣದ ಕ್ಲೀನರನೇ ಅದನ್ನು ಎತ್ತಿ ಹೊರಗೆ ಚೆಲ್ಲಬೇಕಾಗುವುದು.

ಧನದಿಂದ ಮಾಡತಕ್ಕದ್ದು. ಇದರಲ್ಲಿ ಕೆಲವು ವ್ಯಾವಹಾರಿಕ ಸಂಗತಿಗಳನ್ನು ತಿಳಿದಿರುವುದು ಲೇಸು. ಬಿಲ್ಲಿನಲ್ಲಿ ಕಾಣುವ ಸರಕು ಮತ್ತು ಸೇವಾ ತೆರಿಗೆಯು ಸರಕಾರಕ್ಕೆ ಸಲ್ಲುವುದು. ಸಾಮಾನ್ಯ ಹೋಟೆಲುಗಳಲ್ಲಿ 2017ರ ನವೆಂಬರಿನಿಂದ ಅದು ಶೇಕಡಾ 5. ಹೆಸರಿನಲ್ಲಿ ಸೇವೆಯೆಂಬ ಶಬ್ದವಿದ್ದ ಮಾತ್ರಕ್ಕೆ ಅದು ಸೇವೆ ಮಾಡಿದವನ ಕೈಗೆ ಬರುವುದಿಲ್ಲ. ಇನ್ನು ಕೆಲವು ದೊಡ್ಡ ಹೋಟೆಲುಗಳು ಸರ್ವಿಸ್ ಚಾರ್ಜ್ ಎಂದು ಬೇರೆಯಾಗಿ ಸೇರಿಸುತ್ತಿದ್ದುವು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಸೂಚನೆಗಳನ್ನು ಹೊರಡಿಸಿತು; ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅವುಗಳನ್ನು ಎತ್ತಿಹಿಡಿಯಿತು. ಹೀಗೆ ಬಡಿಸುವವನಿಗೆ ಏನನ್ನು ಕೊಡಬೇಕೆಂಬುದು ಗಿರಾಕಿಯ ಸ್ವಂತ ಇಚ್ಛೆಗೆ ಬಿಟ್ಟ ವಿಷಯ. ಬಲಾತ್ಕಾರವಿಲ್ಲದ ಎಡೆಯಲ್ಲಿಯೇ ಔದಾರ್ಯಕ್ಕೆ ಅರ್ಥವುಂಟು. ಫೋನಿನಿಂದ ಹಣ ಸಲ್ಲಿಸುವ ರೂಢಿ ಬಂದಮೇಲೆ ಗಲ್ಲೆಯ ಮುಂದಿನ ಚೌಕಕ್ಕೆ ಕಳುಹಿಸಿದ ಹಣವೆಲ್ಲವೂ ಒಡೆಯನ ಖಾತೆಗೇ ಹೋಗುವುದು. ಆದುದರಿಂದ ಬಡಿಸಿದವನಿಗೆಂದು ಹತ್ತೋ ಇಪ್ಪತ್ತೋ ಕೊಡುವವನು ಚಿಲ್ಲರೆಯನ್ನು ಜೊತೆಗೆ ಇಟ್ಟುಕೊಂಡಿರುವುದು ಒಳ್ಳೆಯದು. ಕೊಡುವಾಗ ಎಂಜಲಿನ ತಟ್ಟೆಯ ಪಕ್ಕದಲ್ಲಿ ಎಸೆಯದೆ ಕೈಯಲ್ಲಿ ಕೊಡಬೇಕು. ಕೊಡಲು ಶಕ್ತಿಯಿಲ್ಲದವನು ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಮಾತೊಂದು ಅವನ ಬಳಿ ಇದ್ದೇ ಇದೆ. ಆದರೆ ಹಣವನ್ನು ಕೊಟ್ಟೆನೆಂದು ಕೂಗುವ ಹಕ್ಕನ್ನು ಗಳಿಸಿದೆನೆಂದು ಯಾರೂ ತಿಳಿಯಬಾರದು.

ತಪ್ಪು ಕಂಡಾಗ

ಸೌಮ್ಯತೆಯೆಂದರೆ ತಪ್ಪನ್ನು ಸಹಿಸಿ ಸುಮ್ಮನಿರುವುದೆಂದಲ್ಲ. ಹಳಸಿದ ಚಟ್ನಿಯನ್ನು ಸಂಕೋಚದಿಂದ ತಿಂದರೆ ತನಗೂ ಕೇಡು, ಮುಂದೆ ತಿನ್ನುವವರಿಗೂ ಕೇಡು. ಅದನ್ನು ಹೇಳಲೇಬೇಕು. ಹೇಳುವ ಮೊದಲು ತಪ್ಪು ಯಾರದೆಂದು ವಿವೇಚಿಸಬೇಕು. ಅಡುಗೆಯ ತಪ್ಪು ಅಡುಗೆಮನೆಯದು. ಬೆಲೆಯ ಮತ್ತು ನೈರ್ಮಲ್ಯದ ಹೊಣೆ ಒಡೆಯನದು. ಒಂದನ್ನು ಹೇಳಿದರೆ ಇನ್ನೊಂದನ್ನು ತಂದಿದ್ದರೆ ಅದು ಮಾತ್ರ ಬಡಿಸುವವನದು. ಮೊದಲೆರಡನ್ನು ಗಲ್ಲೆಯಲ್ಲಿ ಕುಳಿತವನಿಗೆ ಪ್ರತ್ಯೇಕವಾಗಿ ತಿಳಿಸತಕ್ಕದ್ದು. ಕೊನೆಯದನ್ನು ಬಡಿಸುವವನಿಗೇ ತಗ್ಗಿದ ದನಿಯಲ್ಲಿ ಹೇಳಿದರೆ ಅವನು ಬದಲಾಯಿಸಿಕೊಡುವನು. ಹತ್ತು ಜನರ ಮುಂದೆ ಒಡೆಯನನ್ನು ಕರೆದು ದೂರು ಹೇಳಿದರೆ ಅಂದಿನ ಕೂಲಿಗೋ, ಕೆಲಸಕ್ಕೋ ಸಂಚಕಾರ ಬರಬಹುದು. ಸಿಟ್ಟಿನ ಭರದಲ್ಲಿ ಬಡಿಸಿದವನ ಹೆಸರನ್ನೂ ಭಾವಚಿತ್ರವನ್ನೂ ಫೋನಿನ ಮೂಲಕ ಲೋಕಕ್ಕೆಲ್ಲ ಹಂಚುವುದು ಇನ್ನೂ ಕ್ರೂರವಾದುದು. ಗಿರಾಕಿಯ ಒಂದು ಗಳಿಗೆಯ ಸಿಟ್ಟು ಅವನ ಒಂದು ವರ್ಷದ ಅನ್ನವನ್ನು ಕಸಿಯಬಾರದು.

ಎರಡು ಸಂಗತಿಗಳಲ್ಲಿ ಮಾತ್ರ ಗಿರಾಕಿಯ ಮೌನವೇ ದೋಷವಾಗುವುದು. 14 ವರ್ಷ ತುಂಬದ ಮಕ್ಕಳನ್ನು ಹೋಟೆಲು, ಧಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯು ಆ ನಿಷೇಧವನ್ನು ಇತರ ಉದ್ಯೋಗಗಳಿಗೂ ವಿಸ್ತರಿಸಿತು. ಅಂತಹ ಕೂಸು ಮೇಜನ್ನು ಒರೆಸುತ್ತಿದ್ದರೆ ಅದಕ್ಕೆ ಐದು ರೂಪಾಯಿ ಕೊಟ್ಟು ಎದ್ದುಬರುವುದು ಕರುಣೆಯಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಕರುಣೆ. ಎರಡನೆಯದು, ಭಕ್ತರಲ್ಲಿಯೇ ಹೋಟೆಲಿನ ಒಡೆಯರಾದವರು ಅನೇಕರಿರುವರು. 1961ರ ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನೂ ವಾರದ ರಜೆಯನ್ನೂ ಹೋಟೆಲಿನವರಿಗೂ ವಿಧಿಸಿತು. ಬಾಗಿಲಿಗೆ ಶರಣರ ಹೆಸರನ್ನಿಟ್ಟು, ಗೋಡೆಯ ಮೇಲೆ ಶರಣರ ಚಿತ್ರವನ್ನು ತೂಗುಹಾಕಿ, ಒಳಗೆ ದುಡಿಯುವವನಿಗೆ ಕುಳಿತುಣ್ಣಲು ಅರ್ಧ ಗಂಟೆಯನ್ನೂ ಕೊಡದ ಒಡೆಯನಿಗೆ ಸ್ನೇಹಿತನಾದ ಗಿರಾಕಿಯು ಒಂದು ಮಾತು ಹೇಳುವುದು ತಪ್ಪಲ್ಲ.

ಉಪಸಂಹಾರ

ತುಮಕೂರಿನ ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ, ನೀಡುವವರು ಬರುವವರೆಗೆ ಕಾಯುವುದನ್ನು ಎಳೆಯ ಮಕ್ಕಳೂ ಕಲಿಯುವರು. ಮಕ್ಕಳು ಕಲಿತುದನ್ನು ಹಿರಿಯರು ಪಟ್ಟಣದ ಮೇಜಿನಲ್ಲಿ ಮರೆಯಬಾರದು. ಮಕ್ಕಳು ಪಕ್ಕದಲ್ಲಿ ಕುಳಿತು ನೋಡುತ್ತಿರುವರು. ತಂದೆಯು ಬಡಿಸುವವನೊಡನೆ ಹೇಗೆ ಮಾತನಾಡುವನೋ ಮಗನೂ ನಾಳೆ ತನ್ನ ಕೈಕೆಳಗಿನವರೊಡನೆ ಹಾಗೆಯೇ ಮಾತನಾಡುವನು. ಮನೆಗೆ ಹೋಗಿ ಹೇಳುವ ನೂರು ನೀತಿಕಥೆಗಳಿಗಿಂತ ಆ ಒಂದು ಮಾತು ಆಳವಾಗಿ ನಾಟುವುದು.

ಹಸಿವು ಎಲ್ಲರಿಗೂ ಒಂದೇ. ಅದನ್ನು ತಣಿಸುವ ಕೈ ಮನೆಯದಾಗಲಿ, ಮಠದ್ದಾಗಲಿ, ಹೋಟೆಲಿನದಾಗಲಿ, ಅದಕ್ಕೆ ಸಲ್ಲತಕ್ಕ ಆದರವೂ ಒಂದೇ. ಉಂಡು ಏಳುವ ಮುನ್ನ ಭಕ್ತನು ಬಡಿಸಿದವನ ಕಡೆಗೆ ಒಮ್ಮೆ ನೋಡಿ, "ಊಟ ಚೆನ್ನಾಗಿತ್ತಪ್ಪ, ಬರುತ್ತೇವೆ" ಎಂದು ಹೇಳಿ ಏಳುವುದನ್ನು ನಿಯಮವಾಗಿ ಇಟ್ಟುಕೊಳ್ಳಲಿ. ಇದು ಸಣ್ಣ ನಿಯಮ. ಆದರೆ ತಪ್ಪದೆ ನಡೆಸಿದರೆ ದೊಡ್ಡ ಅಹಂಕಾರವನ್ನು ಕರಗಿಸುವುದು.

ಮನನಕ್ಕಾಗಿ ಪ್ರಶ್ನೆಗಳು

1. ದಾಸೋಹದ ಅನ್ನಕ್ಕೂ ಹೋಟೆಲಿನ ಅನ್ನಕ್ಕೂ ಇರುವ ಭೇದವೇನು? ಎರಡು ಕಡೆಯೂ ಬದಲಾಗದೆ ಇರತಕ್ಕದ್ದು ಯಾವುದು?

2. ಹಡಪದ ಅಪ್ಪಣ್ಣನವರ ಕಾಯಕದಿಂದ ಬಡಿಸುವವರ ವಿಷಯದಲ್ಲಿ ಕಲಿಯತಕ್ಕ ಪಾಠವೇನು?

3. ರೊಟ್ಟಿಯ ದೃಷ್ಟಾಂತದಲ್ಲಿ ತಾಯಿಯ ಮಾತು ಮಗನ ಮನಸ್ಸನ್ನು ತಿರುಗಿಸಿದುದು ಯಾವ ಕಾರಣದಿಂದ?

4. ಕಳೆದ ಸಲ ಹೋಟೆಲಿನಲ್ಲಿ ಉಂಡಾಗ ಬಡಿಸಿದವನ ಮುಖವು ನೆನಪಿನಲ್ಲಿದೆಯೆ?